ಎಲೆ ನೋಡಬೇಕು, ಬಾಯಿ ನೋಡಬಾರದು

ಟೋಕಿಯೋಗೆ ಆನ್‌ಸೈಟ್ ಹೊರಟ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ತೊಗರಿಬೇಳೆ ಅಲ್ಲಿ ಸಿಗುತ್ತದೆಯೇ, ಕುಕ್ಕರ್ ಒಯ್ಯಬೇಕೇ, ಆಫೀಸಿಗೆ ಟೈ ಕಟ್ಟಬೇಕೇ. ಆರೇಳು ತಿಂಗಳು ಕಳೆದ ಮೇಲೆ ಅವರಿಂದಲೇ ಇನ್ನೊಂದು ಪ್ರಶ್ನೆ ಬರುತ್ತದೆ. "ಸರ್, ಮನೆಯವಳು ಬರ್ತಿದ್ದಾಳೆ, ಮದುವೆಯ ವಾರ್ಷಿಕೋತ್ಸವ. ಒಂದು ಒಳ್ಳೆ ಸುಶಿ ಜಾಗ ಹೇಳಿ. ದುಡ್ಡು ಹೆಚ್ಚಾದರೂ ಪರವಾಗಿಲ್ಲ, ಗಲಾಟೆ ಇರಬಾರದು." ಪುಣೆಯಲ್ಲಿ ಕೂತು ಜಪಾನಿ ಗ್ರಾಹಕರ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವವನಿಗೆ ಇದೂ ಒಂದು ಬಗೆಯ ರಿಕ್ವೈರ್‌ಮೆಂಟ್. ಬಜೆಟ್ ಇದೆ, ದಿನಾಂಕ ಇದೆ. 'ಒಳ್ಳೆ' ಅಂದರೇನು, 'ಗಲಾಟೆ ಇರಬಾರದು' ಅಂದರೇನು ಎಂಬುದು ಮಾತ್ರ ಬರೆದಿಲ್ಲ.

ಹೆಸರುಗಳ ಪಟ್ಟಿ ಕೊಡುವುದು ಕಷ್ಟವಲ್ಲ. ಆದರೆ ಆ ಪಟ್ಟಿ ಈ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಮೂರು ಕೃತಿಗಳು. ಒಂದು ಸಾಕ್ಷ್ಯಚಿತ್ರ, ಎರಡು ಸಣ್ಣಕತೆ. ಚಿತ್ರವನ್ನು ಬಹಳ ಜನ ನೋಡಿದ್ದಾರೆ. ಕತೆಗಳನ್ನು ಜಪಾನಿನಲ್ಲಿ ಬಹಳ ಜನ ಓದಿದ್ದಾರೆ. ನಮ್ಮಲ್ಲಿ ಇಂಗ್ಲಿಷ್ ಅನುವಾದ ಹುಡುಕಿ ಓದಿದವರು ಕೆಲವರು. ಮೂರರಲ್ಲೂ ಸುಶಿ ಇದೆ, ಸುಶಿ ಕಟ್ಟುವವರಿದ್ದಾರೆ, ತಿನ್ನುವವರಿದ್ದಾರೆ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎದ್ದು ಕಾಣುವುದು ಮೀನಿನ ರುಚಿಯಲ್ಲ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು. ಶಾಂತವಾದ ಊಟ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಆ ನೋಟದಲ್ಲೇ ಇದೆ ಎಂಬುದು ಈ ಬರಹದ ವಾದ.

ಹತ್ತು ಕುರ್ಚಿಗಳ ನೆಲಮಾಳಿಗೆ

ಅಮೆರಿಕದ ಡೇವಿಡ್ ಗೆಲ್ಬ್ 2011ರಲ್ಲಿ ಮಾಡಿದ 'ಜಿರೋ ಡ್ರೀಮ್ಸ್ ಆಫ್ ಸುಶಿ' ಎಂಬ ಚಿತ್ರ ಟೋಕಿಯೋದ ಗಿಂಜಾದಲ್ಲಿ, ಮೆಟ್ರೋ ನಿಲ್ದಾಣಕ್ಕೆ ಹತ್ತಿಕೊಂಡಿರುವ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ನಡೆಯುತ್ತದೆ. ಸುಕಿಯಾಬಾಶಿ ಜಿರೋ ಎಂಬ ಈ ಅಂಗಡಿಯನ್ನು ಜಿರೋ ಓನೋ 1965ರಲ್ಲಿ ತೆರೆದರು. ಇರುವುದು ಹತ್ತು ಕುರ್ಚಿ. ಶೌಚಾಲಯ ಅಂಗಡಿಯ ಒಳಗಿಲ್ಲ. ಸುಶಿ ಬಿಟ್ಟು ಬೇರೇನೂ ಮಾಡುವುದಿಲ್ಲ. ಇಂಥ ಅಂಗಡಿಗೆ ಮಿಶೆಲಿನ್ ಗೈಡ್ ಮೂರು ನಕ್ಷತ್ರ ಕೊಟ್ಟಿತು. 2014ರ ಏಪ್ರಿಲ್‌ನಲ್ಲಿ ಬರಾಕ್ ಒಬಾಮಾ ಅವರನ್ನು ಪ್ರಧಾನಿ ಶಿಂಜೊ ಅಬೆ ಕರೆದುಕೊಂಡು ಹೋದದ್ದು ಇಲ್ಲಿಗೇ. ಸಾರ್ವಜನಿಕರಿಂದ ಬುಕಿಂಗ್ ತೆಗೆದುಕೊಳ್ಳುವುದನ್ನು ಅಂಗಡಿ ನಿಲ್ಲಿಸಿದ್ದರಿಂದ 2019ರಲ್ಲಿ ಗೈಡ್ ಅದರ ಹೆಸರನ್ನೇ ಕೈಬಿಟ್ಟಿತು.

ಚಿತ್ರ ಕೆಲಸದ ಬಗ್ಗೆ ಹೇಳುವ ವಿಷಯಗಳಿಗೆ ಎರಡು ಮಾತಿಲ್ಲ. ಆಕ್ಟೋಪಸ್ಸನ್ನು ಬೇಯಿಸುವ ಮೊದಲು ಅರ್ಧ ಗಂಟೆ ನಾದುತ್ತಿದ್ದವರು ಈಗ ನಲವತ್ತು, ಐವತ್ತು ನಿಮಿಷ ನಾದುತ್ತಾರೆ. ಹೊಸದಾಗಿ ಸೇರಿದ ಶಿಷ್ಯನಿಗೆ ಮೊದಲ ಕೆಲಸ ಗಿರಾಕಿಗಳಿಗೆ ಕೊಡುವ ಬಿಸಿ ಟವೆಲ್ ಹಿಂಡುವುದು. ಅಲ್ಲಿಂದ ಮೊಟ್ಟೆಯ ತನಕ ಬರಲು ಹತ್ತು ವರ್ಷ. ನಕಾಜಾವಾ ಎಂಬ ಶಿಷ್ಯ ಸುಶಿಗೆ ಬೇಕಾದ ಮೊಟ್ಟೆಯ ಹಲ್ಲೆಯನ್ನು ಇನ್ನೂರು ಸಲ ಮಾಡಿ, ಇನ್ನೂರು ಸಲವೂ ಬೇಡ ಅನ್ನಿಸಿಕೊಂಡು, ಕೊನೆಗೊಮ್ಮೆ ಗುರುಗಳು ಒಪ್ಪಿದಾಗ ಅತ್ತದ್ದನ್ನು ತಾನೇ ಹೇಳಿಕೊಳ್ಳುತ್ತಾನೆ. ಬಿಲಾಸ್‌ಖಾನಿ ತೋಡಿಯನ್ನು ವರ್ಷಗಟ್ಟಲೆ ತಿದ್ದಿಸಿಕೊಂಡ ಧಾರವಾಡದ ಯಾವ ಶಿಷ್ಯನಿಗಾದರೂ ಅರ್ಥವಾಗುವ ಅಳು ಅದು.

ಆದರೆ ಈ ಚಿತ್ರ ಅಡುಗೆಯವನ ಕಣ್ಣಿನಿಂದ ತೆಗೆದದ್ದು. ಉಣ್ಣುವವರು ಅದರಲ್ಲಿ ಇದ್ದೂ ಇಲ್ಲದಂತೆ ಇದ್ದಾರೆ. ಜಿರೋ ಕೌಂಟರಿನ ಹಿಂದೆ ನಿಂತು ಪ್ರತಿಯೊಬ್ಬರನ್ನೂ ನೋಡುತ್ತಾರೆ. ಒಬ್ಬ ಗಿರಾಕಿ ಎಡಗೈಯವನು ಎಂದು ಕಂಡ ಕೂಡಲೇ ಮುಂದಿನ ತುಂಡನ್ನು ಅವನ ಎಡಕ್ಕೆ ಇಡುತ್ತಾರೆ. ಹೆಂಗಸರಿಗೆ ಸ್ವಲ್ಪ ಚಿಕ್ಕದಾಗಿ ಕಟ್ಟುತ್ತಾರೆ, ಎಲ್ಲರೂ ಒಂದೇ ಹೊತ್ತಿಗೆ ಮುಗಿಸಲಿ ಎಂದು. ಗಮನ ಎಂದರೆ ಇದು, ಒಪ್ಪಿಕೊಳ್ಳೋಣ. ಆದರೆ ಚಿತ್ರದಲ್ಲಿ ಮಾತಾಡುವ ಆಹಾರ ವಿಮರ್ಶಕ ಮಸುಹಿರೊ ಯಾಮಾಮೊಟೊ, ಎಷ್ಟು ವರ್ಷ ಹೋದರೂ ಜಿರೋ ಎದುರು ಕೂತು ತಿನ್ನುವಾಗ ತನಗೆ ಅಳುಕಾಗುತ್ತದೆ ಎನ್ನುತ್ತಾರೆ. ಜಪಾನಿನಲ್ಲಿ ಊಟದ ಬಗ್ಗೆ ಬರೆದು ಹೆಸರಾದ ವ್ಯಕ್ತಿಗೇ ಹೀಗಾದರೆ, ವರ್ಷದಲ್ಲಿ ಒಂದೇ ಸಲ ಇಂಥ ಕಡೆ ಹೋಗುವ ಗಂಡಹೆಂಡತಿಯ ಗತಿಯೇನು? ಚಿತ್ರ ತಯಾರಾದಾಗ ಅಲ್ಲಿ ಊಟಕ್ಕೆ 30,000 ಯೆನ್‌ನಿಂದ ಶುರು. ಬೇಗ ತಿನ್ನುವವರಿಗೆ ಅದು ಕಾಲು ಗಂಟೆಯಲ್ಲಿ ಮುಗಿದುಹೋಗುತ್ತದೆ ಎಂದೂ ಚಿತ್ರವೇ ಹೇಳುತ್ತದೆ.

ಗೆಲ್ಬ್ ಇದನ್ನೆಲ್ಲ ಮರೆಮಾಚಿಲ್ಲ. ಆದರೆ ಅದರ ಮುಂದೆ ನಿಂತು ಯೋಚಿಸುವುದೂ ಇಲ್ಲ. ಹಿನ್ನೆಲೆಯಲ್ಲಿ ಫಿಲಿಪ್ ಗ್ಲಾಸ್ ಸಂಗೀತ ಏರುತ್ತದೆ, ಹೊಳೆಯುವ ಮೀನಿನ ತುಂಡು ನಿಧಾನವಾಗಿ ಹಲಗೆಯ ಮೇಲೆ ಕೂರುತ್ತದೆ, ನಾವು ಉಸಿರು ಹಿಡಿಯುತ್ತೇವೆ. ಆ ನಿಶ್ಶಬ್ದವನ್ನೇ ಶಾಂತಿ ಎಂದುಕೊಳ್ಳುತ್ತೇವೆ. ಪರೀಕ್ಷೆಯ ಹಾಲಿನಲ್ಲೂ ನಿಶ್ಶಬ್ದ ಇರುತ್ತದೆ. ಚಿತ್ರದ ಅತ್ಯಂತ ಒಳ್ಳೆಯ ಸಂಗತಿ ಕೊನೆಯ ಕಡೆಗೆ ಬರುತ್ತದೆ. ಮಿಶೆಲಿನ್‌ನವರು ಬಂದಾಗಲೆಲ್ಲ ಅವರಿಗೆ ಸುಶಿ ಕಟ್ಟಿಕೊಟ್ಟದ್ದು ಜಿರೋ ಅಲ್ಲ, ಅವರ ಹಿರಿಯ ಮಗ ಯೋಶಿಕಾಜು. ಐವತ್ತು ದಾಟಿಯೂ ಅಪ್ಪನ ನೆರಳಿನಲ್ಲಿ ನಿಂತ ಮನುಷ್ಯ. ಮೂರು ನಕ್ಷತ್ರ ಬಂದದ್ದು ನಾವು ನೋಡದೇ ಬಿಟ್ಟವನ ಕೈಯಿಂದ. ಇಷ್ಟು ದೊಡ್ಡ ವಿಷಯವನ್ನು ಚಿತ್ರ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಅದು ಅಲ್ಲಿಂದ ಶುರುವಾಗಿದ್ದರೆ ಬೇರೆಯೇ ಚಿತ್ರವಾಗುತ್ತಿತ್ತು.

ನಾಲ್ಕು ಸೆನ್ ಇದ್ದವನು

ಜಿರೋ ಅವರ ಕೌಂಟರ್ ಎಲ್ಲಿಂದ ಬಂತು ಎಂದು ತಿಳಿದರೆ ಮುಂದಿನ ಕತೆ ಹತ್ತಿರವಾಗುತ್ತದೆ. ಇವತ್ತು ನಾವು ಸುಶಿ ಎಂದು ಕರೆಯುವ ನಿಗಿರಿ, ಅಂದರೆ ಅನ್ನದ ಮುದ್ದೆಯ ಮೇಲೆ ಮೀನಿನ ತುಂಡು ಒತ್ತಿ ಕೊಡುವುದು, ಎದೊ ಎಂಬ ಹಳೆಯ ಟೋಕಿಯೋದಲ್ಲಿ 1820ರ ದಶಕದ ಹೊತ್ತಿಗೆ ಜನಪ್ರಿಯವಾಯಿತು. ಹನಾಯಾ ಯೊಹೇ ಎಂಬವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದು ಗಡಿಬಿಡಿಯವರ ತಿಂಡಿ. ಬೀದಿಬದಿಯ ಗಾಡಿಯ ಮುಂದೆ ನಿಂತು, ಕೈಯಲ್ಲಿ ತಿಂದು, ದುಡ್ಡು ಎಣಿಸಿ ಹೋಗುವುದು. ನಮ್ಮ ಬೆಂಗಳೂರಿನ ದರ್ಶಿನಿಯ ಹಾಗೆ. ಎರಡನೇ ಮಹಾಯುದ್ಧದ ನಂತರ ಗಾಡಿಗಳು ಮರೆಯಾದವು, ಕೌಂಟರ್ ಉಳಿಯಿತು. ಲಕ್ಷಗಟ್ಟಲೆ ಯೆನ್ ಸುರಿದು ಕಟ್ಟಿದ ಸೈಪ್ರೆಸ್ ಮರದ ಹಲಗೆ ಆ ಗಾಡಿಯ ಮೊಮ್ಮಗ.

ಅಂಥ ಗಾಡಿಯೊಂದರ ಮುಂದೆ ನಡೆಯುವ ಕತೆ ನಾವೊಯಾ ಶಿಗಾ 1920ರಲ್ಲಿ ಬರೆದ 'ಅಂಗಡಿ ಹುಡುಗನ ದೇವರು'. ಜಪಾನಿನಲ್ಲಿ ಇದು ಎಷ್ಟು ಹೆಸರಾಯಿತೆಂದರೆ ಶಿಗಾ ಅವರನ್ನೇ 'ಕತೆಯ ದೇವರು' ಎಂದು ಕರೆಯುವ ರೂಢಿ ಬಂತು.

ಸೆಂಕಿಚಿ ಎಂಬ ಹದಿಮೂರು ಹದಿನಾಲ್ಕರ ಹುಡುಗ ಟೋಕಿಯೋದ ಕಾಂಡಾದಲ್ಲಿ ತಕ್ಕಡಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ದೊಡ್ಡ ಗುಮಾಸ್ತರು ಯಾವ ಅಂಗಡಿಯ ಸುಶಿ ಚೆನ್ನ ಎಂದು ಮಾತಾಡುವುದನ್ನು ಕೇಳಿ ಅವನ ಬಾಯಲ್ಲಿ ನೀರೂರುತ್ತದೆ. ಒಂದು ದಿನ ಕೆಲಸದ ಮೇಲೆ ಹೊರಗೆ ಕಳಿಸಿದಾಗ ಬರುವ ದಾರಿಯನ್ನು ನಡೆದೇ ಮುಗಿಸಿ ಟ್ರಾಮಿನ ನಾಲ್ಕು ಸೆನ್ ಉಳಿಸುತ್ತಾನೆ. ಗಾಡಿಯ ಮುಂದಿನ ನೊರೆನ್ ಪರದೆ ಸರಿಸಿ ಒಳಗೆ ನುಗ್ಗಿ ಒಂದು ಟ್ಯೂನಾ ತುಂಡಿಗೆ ಕೈ ಹಾಕುತ್ತಾನೆ. ಒಂದಕ್ಕೆ ಆರು ಸೆನ್ ಎನ್ನುತ್ತಾನೆ ಮಾಲೀಕ. ಹುಡುಗ ಮಾತಾಡದೆ ತುಂಡನ್ನು ಹಿಂದಕ್ಕಿಟ್ಟು ಹೊರಗೆ ಹೋಗುತ್ತಾನೆ. ಮಾಲೀಕನಿಗೂ ಸ್ವಲ್ಪ ಇರಿಸುಮುರಿಸು. ಈಚೆಗೆ ಬೆಲೆ ಏರಿದೆ ಎಂದು ಏನೋ ಸಮಜಾಯಿಷಿ ಹೇಳಿ, ಹುಡುಗ ಮುಟ್ಟಿದ ತುಂಡನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತು ಇದನ್ನೆಲ್ಲ ನೋಡಿದವನು 'ಎ' ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ತರುಣ, ಮೇಲ್ಮನೆಯ ಸದಸ್ಯ, ಶ್ರೀಮಂತ. ಗಾಡಿಯ ಮುಂದೆ ನಿಂತು ತಿನ್ನುವ ಮಜಾ ನೋಡಲೆಂದು ಬಂದವನು.

ನೂರು ವರ್ಷದ ಹಿಂದಿನ ಈ ಅರ್ಧ ಪುಟ, ದುಬಾರಿ ಹೋಟೆಲಿನ ಬಗ್ಗೆ ಇರುವ ಎಲ್ಲ ಸಲಹೆಗಳಿಗಿಂತ ದೊಡ್ಡದು. ಬೆಲೆ ಬರೆಯದ ಅಂಗಡಿ ದುಡ್ಡಿದ್ದವನಿಗೆ ನೆಮ್ಮದಿಯ ಜಾಗ, ದುಡ್ಡಿಲ್ಲದವನಿಗೆ ಬಲೆ. ಈಗಲೂ ಒಳ್ಳೆಯ ಸುಶಿ ಅಂಗಡಿಗಳಲ್ಲಿ ಮೀನಿನ ಹೆಸರಿನ ಪಕ್ಕ 'ಇಂದಿನ ದರ' ಎಂದಷ್ಟೇ ಇರುವುದುಂಟು. ಮೆನು ಕಾರ್ಡನ್ನು ಬಲಬದಿಯಿಂದ ಓದುವ ಜನ ನಾವು. ನನ್ನ ಅಮ್ಮನಂತೂ ಹೋಟೆಲಿನಲ್ಲಿ ತಿಂಡಿಯ ಹೆಸರು ನೋಡುವುದೇ ಬೆಲೆ ನೋಡಿ ಆದ ಮೇಲೆ. ಅಂಥವರನ್ನು ದರ ಗೊತ್ತಿಲ್ಲದ ಕಡೆ ಕೂರಿಸಿದರೆ ಪ್ರತಿ ತುತ್ತಿಗೂ ಲೆಕ್ಕ ನಡೆಯುತ್ತದೆ. ಒಸಾಕಾ ಬಳಿ ಯೋಶಿಯಾಕಿ ಶಿರಾಯಿಶಿ ಎಂಬವರು ಬಿಯರ್ ಕಾರ್ಖಾನೆಯ ಕನ್ವೇಯರ್ ಪಟ್ಟಿ ನೋಡಿ 1958ರಲ್ಲಿ ತಿರುಗುವ ಸುಶಿಯ ಅಂಗಡಿ ಶುರು ಮಾಡಿದರು. ಮುಂದೆ ಇಂಥ ಅಂಗಡಿಗಳಲ್ಲಿ ತಟ್ಟೆಯ ಬಣ್ಣ ನೋಡಿದರೆ ಬೆಲೆ ಗೊತ್ತಾಗುವ ಪದ್ಧತಿ ಬಂತು. ಮುಟ್ಟುವ ಮೊದಲೇ ಲೆಕ್ಕ ತಿಳಿಯುತ್ತದೆ, ಇಟ್ಟುಬಿಡು ಎನ್ನುವವರಿಲ್ಲ. ದೊಡ್ಡವರು ಅದನ್ನು ಕೀಳು ಎಂದು ಮೂಗು ಮುರಿದರೂ, ಸೆಂಕಿಚಿಯ ಆರು ಸೆನ್‌ಗೆ ಜಪಾನ್ ಕೊಟ್ಟ ಪ್ರಾಮಾಣಿಕ ಉತ್ತರ ಅದು ಎಂದು ನನಗೆ ಅನಿಸುತ್ತದೆ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. 'ಎ' ತನ್ನ ಮಗುವಿನ ಬೆಳವಣಿಗೆಯನ್ನು ಅಂಕಿಯಲ್ಲಿ ತಿಳಿಯಬೇಕೆಂದು ತಕ್ಕಡಿ ಕೊಳ್ಳಲು ಹೋಗುತ್ತಾನೆ. ಹೋದ ಅಂಗಡಿ ಸೆಂಕಿಚಿಯದ್ದೇ. ಹುಡುಗನನ್ನು ಗುರುತಿಸುತ್ತಾನೆ. ಅಂಗಡಿಯ ಪುಸ್ತಕದಲ್ಲಿ ಸುಳ್ಳು ಹೆಸರು, ಸುಳ್ಳು ವಿಳಾಸ ಬರೆದು, ತಕ್ಕಡಿ ಹೊತ್ತುತರಲು ಹುಡುಗನನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಒಂದು ಸುಶಿ ಅಂಗಡಿಗೆ ಹೋಗಿ, ಮಾಲಕಿಯ ಹತ್ತಿರ ಮಾತಾಡಿ, ಹುಡುಗನನ್ನು ಒಳಗೆ ಕೂರಿಸಿ ತಾನು ಹೊರಟುಹೋಗುತ್ತಾನೆ. ಸೆಂಕಿಚಿ ಮೂರು ಜನ ತಿನ್ನುವಷ್ಟು ತಿನ್ನುತ್ತಾನೆ. ಇನ್ನೂ ದುಡ್ಡು ಉಳಿದಿದೆ, ಮತ್ತೆ ಬಾ ಎನ್ನುತ್ತಾಳೆ ಮಾಲಕಿ. ಅವನು ಮತ್ತೆ ಹೋಗುವುದಿಲ್ಲ.

'ಎ' ಅಲ್ಲಿ ಕೂರದೆ ಹೊರಟುಹೋದದ್ದೇ ಈ ಕತೆಯ ಜೀವ. ನಾನು ಕಂಡ ಒಂದು ಬೀಳ್ಕೊಡುಗೆ ಊಟ ನೆನಪಾಗುತ್ತದೆ. ಆಫೀಸಿನ ಪ್ಯಾಂಟ್ರಿಯಲ್ಲಿ ವರ್ಷಗಟ್ಟಲೆ ಚಹಾ ಕೊಟ್ಟವನು ಊರಿಗೆ ಹೊರಟಿದ್ದ. ತಂಡದವರು ಪ್ರೀತಿಯಿಂದಲೇ ಅವನನ್ನು ದೊಡ್ಡ ಹೋಟೆಲಿನ ಬಫೆಗೆ ಕರೆದೊಯ್ದರು. ಸುತ್ತ ಹದಿನೈದು ಜನ, ಕೈಯಲ್ಲಿ ಫೋನು. ಇದು ತಗೋ, ಅದು ರುಚಿ ನೋಡು, ಹೇಗಿದೆ ಹೇಳು. ಅವನು ಅನ್ನ ಮೊಸರು ಹಾಕಿಕೊಂಡು ಹತ್ತು ನಿಮಿಷದಲ್ಲಿ ಎದ್ದ. ಕೊಟ್ಟವರ ಸಂತೋಷವನ್ನೂ ಅವನೇ ಹೊರಬೇಕಾಗಿತ್ತು. ತಟ್ಟೆಯಲ್ಲಿ ಜಾಗ ಇರಲಿಲ್ಲ. ಅಲ್ಲಿ ಯಾರೂ ಕೆಟ್ಟವರಲ್ಲ. ಶಿಗಾ ಅವರ 'ಎ'ಗೆ ತಿಳಿದ ಒಂದು ವಿಷಯ ಮಾತ್ರ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಹಾಗೆಂದು ಶಿಗಾ 'ಎ'ಯನ್ನು ಮೆರೆಸುವುದೂ ಇಲ್ಲ. ಒಳ್ಳೆಯ ಕೆಲಸ ಮಾಡಿ ಮನೆಗೆ ಹೋದವನಿಗೆ ಒಂಥರಾ ಖಾಲಿ ಖಾಲಿ, ಏನೋ ತಪ್ಪು ಮಾಡಿದವನ ಹಾಗೆ. ಯಾಕೆಂದು ಅವನಿಗೂ ತಿಳಿಯದು. ಆಮೇಲೆ ಅವನು ಆ ಅಂಗಡಿಯ ಕಡೆ ಸುಳಿಯುವುದೇ ಇಲ್ಲ. ಇತ್ತ ಹುಡುಗನ ತಲೆಯಲ್ಲಿ ಬೇರೆ ಲೆಕ್ಕ. ನನ್ನ ಅವಮಾನ ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು? ಗುಮಾಸ್ತರು ಹೊಗಳುತ್ತಿದ್ದ ಅಂಗಡಿಗೇ ಹೇಗೆ ಕರೆದುಕೊಂಡು ಹೋದ? ಇವನು ಮನುಷ್ಯನಲ್ಲ, ಇನಾರಿ ದೇವರೇ ಇರಬೇಕು. ಕತೆಯ ಬಿಗಿ ಇರುವುದು ಇಲ್ಲಿ. ಸರಿಯಾದ ಜಾಗ ಆರಿಸಬೇಕಾದರೆ ಮೊದಲು ಆ ವ್ಯಕ್ತಿಯನ್ನು ನೋಡಿರಲೇಬೇಕು, ಅವನ ಆಸೆಯನ್ನೂ ನಾಚಿಕೆಯನ್ನೂ ತಿಳಿದಿರಲೇಬೇಕು. ಆದರೆ ಊಟದ ಹೊತ್ತಿಗೆ ಆ ತಿಳಿವಳಿಕೆಯನ್ನು ಮರೆಯಲ್ಲಿಡಬೇಕು. ನೋಡಿಯೂ ನೋಡದವನಂತೆ ಇರುವುದು ದೇವರಿಗೆ ಸುಲಭ, ಮನುಷ್ಯನಿಗೆ ಅಲ್ಲ. 'ಎ'ಯ ಖಾಲಿತನದ ಮೂಲ ಅದೇ ಇರಬೇಕು.

ಕೊನೆಯಲ್ಲಿ ಕತೆಗಾರ ಒಮ್ಮೆ ಪರದೆ ಸರಿಸಿ ಮುಖ ತೋರಿಸುತ್ತಾರೆ. ಹುಡುಗ ಆ ವಿಳಾಸ ಹುಡುಕಿಕೊಂಡು ಹೋಗಿ ಅಲ್ಲಿ ಮನೆಯ ಬದಲು ಇನಾರಿಯ ಪುಟ್ಟ ಗುಡಿ ಕಂಡ ಎಂದು ಮುಗಿಸಬೇಕೆಂದಿದ್ದೆ, ಅದು ಹುಡುಗನಿಗೆ ಕ್ರೂರವಾಗುತ್ತದೆ ಅನ್ನಿಸಿ ಬಿಟ್ಟೆ ಎಂಬ ಅರ್ಥದ ಮಾತು ಹೇಳಿ ನಿಲ್ಲಿಸಿಬಿಡುತ್ತಾರೆ. ಇದನ್ನು ಬರೀ ತಂತ್ರ ಎಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 'ಎ' ಅಂಗಡಿಯಲ್ಲಿ ಮಾಡಿದ್ದನ್ನೇ ಶಿಗಾ ಕತೆಯಲ್ಲಿ ಮಾಡುತ್ತಾರೆ. ಹುಡುಗನನ್ನು ಅವನ ಪಾಡಿಗೆ ಬಿಟ್ಟು ಎದ್ದು ಹೋಗುತ್ತಾರೆ.

ತಾಯಿ ತೋರಿಸಿದ ಅಂಗೈ

ಹೀಗೆ ಹೇಳಿದರೆ ಒಳ್ಳೆಯ ಊಟಕ್ಕೆ ಯಾರೂ ಎದುರಿಗಿರಬಾರದು ಎಂದಂತಾಯಿತು. ಅದು ಸರಿಯಲ್ಲ ಎಂದು ತಿದ್ದುವ ಕತೆ ಕಾನೊಕೊ ಒಕಾಮೊಟೊ ಅವರ 'ಸುಶಿ'. 1939ರ ಜನವರಿಯಲ್ಲಿ ಅಚ್ಚಾಯಿತು, ಮುಂದಿನ ತಿಂಗಳೇ ಲೇಖಕಿ ತೀರಿಕೊಂಡರು.

ಟೋಕಿಯೋದ ಒಂದು ಇಳಿಜಾರು ಬಡಾವಣೆಯಲ್ಲಿ ಒಂದು ಸಾಧಾರಣ ಸುಶಿ ಅಂಗಡಿ. ಮಾಲೀಕರ ಮಗಳು ತೊಮೊಯೊ. ಊರಿನ ನಾನಾ ಬಗೆಯ ಜನ ಅಲ್ಲಿಗೆ ಬರುವುದು ಹಸಿವೆಗಲ್ಲ. ಮನೆ, ಕೆಲಸ, ಸ್ಥಾನಮಾನಗಳಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲು. ಅವರಲ್ಲಿ ಐವತ್ತರ ಆಸುಪಾಸಿನ ಮಿನಾತೊ ಎಂಬವರು ಒಬ್ಬರೇ ಬರುತ್ತಾರೆ, ಹೆಚ್ಚು ಮಾತಿಲ್ಲ. ಅವರು ತಿನ್ನುವುದಕ್ಕೆ ಒಂದು ಕ್ರಮವಿದೆ. ಕೊಬ್ಬಿನ ಟ್ಯೂನಾದಿಂದ ಶುರು, ಆಮೇಲೆ ಬೇಯಿಸಿ ರಸ ಸವರಿದ್ದು, ಆಮೇಲೆ ಹಗುರವಾದ ನೀಲಿ ಮೈಯ ಮೀನು, ಕೊನೆಗೆ ಮೊಟ್ಟೆ ಮತ್ತು ಕಡಲೆಲೆಯ ಸುರುಳಿ. ಅಂಗಡಿಯವನು ಆ ಕ್ರಮವನ್ನು ಅರಿತು, ಅವತ್ತಿನ ವಿಶೇಷವನ್ನು ನಡುವೆ ಸೇರಿಸಿಕೊಟ್ಟರೆ ಸಾಕು.

ಇದನ್ನು ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಜಿರೋ ಅವರ ಊಟಕ್ಕೂ ಒಂದು ಕ್ರಮವಿದೆ. ಯಾಮಾಮೊಟೊ ಅದನ್ನು ಮೂರು ಚಲನೆಗಳ ಕಾನ್ಸರ್ಟೊಗೆ ಹೋಲಿಸುತ್ತಾರೆ; ಅದೂ ಮೊಟ್ಟೆಯಲ್ಲೇ ಮುಗಿಯುತ್ತದೆ. ಆದರೆ ಆ ರಾಗ ಹಾಡುವವನದು, ಕೇಳುವವನದಲ್ಲ. ಇದಕ್ಕೆ ಒಮಕಾಸೆ ಎನ್ನುತ್ತಾರೆ: ಎಲ್ಲ ನಿಮಗೇ ಬಿಟ್ಟೆ ಎಂದು ಗಿರಾಕಿ ಅಡುಗೆಯವನಿಗೆ ಒಪ್ಪಿಸುವುದು. ಈಗ ದುಬಾರಿ ಅಂಗಡಿಗಳಲ್ಲಿ ಅದೇ ನಿಯಮ. ಒಮಕಾಸೆಯಿಂದ ಅನುಕೂಲವಿದೆ, ದರ ಮೊದಲೇ ಗೊತ್ತಿರುತ್ತದೆ, ಏನು ಹೇಳಬೇಕೋ ಎಂದು ತಡವರಿಸಬೇಕಿಲ್ಲ. ಕಳೆದುಹೋದದ್ದು ಮಿನಾತೊ ಅವರ ಕ್ರಮ. ಉಣ್ಣುವವನೂ ತನ್ನ ಊಟದ ಅರ್ಧ ಕರ್ತೃ ಎಂಬ ನಂಬಿಕೆ.

ಒಂದು ದಿನ ತೊಮೊಯೊ ಅಂಗಡಿಯ ಹೊರಗೆ ಮಿನಾತೊ ಅವರನ್ನು ಕಾಣುತ್ತಾಳೆ. ಖಾಲಿ ಜಾಗವೊಂದರಲ್ಲಿ ಕೂತು, ನಿಮಗೆ ಸುಶಿ ಅಂದರೆ ನಿಜಕ್ಕೂ ಇಷ್ಟವೇ ಎಂದು ಕೇಳುತ್ತಾಳೆ. ಅವರು ತಮ್ಮ ಬಾಲ್ಯ ಹೇಳುತ್ತಾರೆ. ಯಾವ ಆಹಾರವೂ ಒಳಗೆ ಇಳಿಯದ ಮಗು. ತಿನ್ನುವುದೆಂದರೆ ಏನೋ ಹೊಲಸು ಗಂಟು ಮೈಯೊಳಗೆ ಹೋದಂತೆ ಅಸಹ್ಯ. ಬಡಕಲಾಗುತ್ತಾ ಹೋದ. ಆಗ ತಾಯಿ ಒಂದು ದಿನ ಜಗಲಿಯಲ್ಲಿ ಹೊಸ ಚಾಪೆ ಹಾಸಿ, ಹೊಸ ಮಣೆ, ಹೊಸ ಚೂರಿ, ಹೊಸ ಬಟ್ಟಲು ಇಟ್ಟು ಮಗನನ್ನು ಎದುರು ಕೂರಿಸುತ್ತಾಳೆ. ಕೈ ತೊಳೆದು, ಜಾದೂಗಾರನ ಹಾಗೆ ಅಂಗೈ ಹಿಂಗೈ ತಿರುಗಿಸಿ ತೋರಿಸುತ್ತಾಳೆ. ಅನ್ನ ಒತ್ತಿ, ಮೇಲೆ ಮೊಟ್ಟೆ ಇಟ್ಟು ಕೊಡುತ್ತಾಳೆ. ಆಮೇಲೆ ಸ್ಕ್ವಿಡ್. ಆಮೇಲೆ, ಏನೂ ಹೇಳದೆ, ಬಿಳಿ ಮೀನು. ಮಗು ತಿನ್ನುತ್ತದೆ. ತಿಂದೆನಲ್ಲ ಎಂದು ಗೆದ್ದವನಂತೆ ನಗುತ್ತದೆ.

ಈ ಜಗಲಿಯೇ ನಾನು ಓದಿದ ಅತ್ಯುತ್ತಮ ಸುಶಿ ಅಂಗಡಿ. ಇಲ್ಲಿ ನೋಟದ ದಿಕ್ಕು ಬದಲಾಗಿದೆ. ಗಿಂಜಾದಲ್ಲಿ ಅಡುಗೆಯವನು ಉಣ್ಣುವವನನ್ನು ನೋಡುತ್ತಾನೆ. ಶಿಗಾ ಅವರಲ್ಲಿ ಕೊಡುವವನು ನೋಡಿ, ಆಮೇಲೆ ಕಣ್ಣು ತಪ್ಪಿಸುತ್ತಾನೆ. ಕಾನೊಕೊ ಅವರಲ್ಲಿ ತಾಯಿ ತನ್ನ ಕೈಯನ್ನು ಮಗುವಿನ ನೋಟಕ್ಕೆ ಒಡ್ಡುತ್ತಾಳೆ. ನೋಡು, ಪರೀಕ್ಷಿಸು, ಕೊಳೆ ಇದ್ದರೆ ಹೇಳು. ಅಡುಗೆಯವರಿಗೂ ಉಣ್ಣುವವರಿಗೂ ನಡುವೆ ಬರೀ ಒಂದು ಹಲಗೆ ಇರುವುದಕ್ಕೆ ನಿಜವಾದ ಅರ್ಥ ಇದು. ಕೌಂಟರ್ ಇರುವುದು ನಾವು ಕೈಯನ್ನು ನೋಡಲಿ ಎಂದು, ಕೈ ನಮ್ಮನ್ನು ತೂಗಲಿ ಎಂದಲ್ಲ.

ಕತೆ ಹೇಳಿಕೊಂಡ ಮೇಲೆ ಮಿನಾತೊ ಆ ಅಂಗಡಿಗೆ ಮತ್ತೆ ಬರುವುದಿಲ್ಲ. ಬೇರೆ ಯಾವುದೋ ಬಡಾವಣೆಗೆ ಹೋಗಿರಬೇಕು, ಸುಶಿ ಅಂಗಡಿ ಎಲ್ಲ ಕಡೆ ಇರುತ್ತದಲ್ಲ ಎಂದು ತೊಮೊಯೊ ಸಮಾಧಾನ ಮಾಡಿಕೊಳ್ಳುತ್ತಾಳೆ. ನನಗೆ ತಿಳಿದಂತೆ, ಅವರು ಬಂದದ್ದು ಯಾರಿಗೂ ಗೊತ್ತಿಲ್ಲದವರಾಗಿ ಕೂರಲು. ಈಗ ಒಬ್ಬಳಿಗೆ ಗೊತ್ತಾಯಿತು. ಇನ್ನು ಆ ಕುರ್ಚಿಯಲ್ಲಿ ಆ ಮೌನ ಸಿಗದು. ಗುರುತಿನ ಗಿರಾಕಿ ಎಂದು ಹೆಸರು ಹಿಡಿದು ಕರೆಯುವುದೇ ದೊಡ್ಡ ಮರ್ಯಾದೆ ಎಂದು ಇವತ್ತಿನ ಹೋಟೆಲುಗಳು ತಿಳಿದಿವೆ. ಕಾನೊಕೊ ಅವರಿಗೆ ಅದರ ಇನ್ನೊಂದು ಮುಖ ಗೊತ್ತಿತ್ತು.

ಮಾಣಿಯ ಪಾಠ

ಸೆಂಕಿಚಿ ಮುಂಬಯಿಯ ಕನ್ನಡಿಗರಿಗೆ ಪರಕೀಯನಲ್ಲ. ಕರಾವಳಿಯಿಂದ ಹತ್ತು ಹನ್ನೆರಡರ ವಯಸ್ಸಿಗೆ ಬಂದು ಉಡುಪಿ ಹೋಟೆಲುಗಳಲ್ಲಿ ಮಾಣಿಯಾಗಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಒಂದು ಪೀಳಿಗೆಯೇ ಇತ್ತು. ನನ್ನ ದೊಡ್ಡಪ್ಪ ಅವರಲ್ಲೊಬ್ಬರು. ಬಡಿಸುವುದರ ಬಗ್ಗೆ ಅವರಿಗೆ ಮೊದಲ ದಿನ ಹೇಳಿಕೊಟ್ಟದ್ದು ಒಂದೇ ಮಾತಂತೆ: ಎಲೆ ನೋಡಬೇಕು, ಬಾಯಿ ನೋಡಬಾರದು. ಎಲೆಯಲ್ಲಿ ಸಾರು ಮುಗಿಯುತ್ತಾ ಬಂತೇ, ಅನ್ನ ಬೇಕೇ, ಸಾಕು ಎಂದು ಕೈ ಅಡ್ಡ ಬಂತೇ, ಇಷ್ಟು ನಿನ್ನ ಕೆಲಸ. ಉಣ್ಣುವವನ ಮುಖ, ಅವನು ಎಷ್ಟನೇ ಸಲ ಅನ್ನ ಹಾಕಿಸಿಕೊಂಡ, ಅವನ ಅಂಗಿ ಎಷ್ಟು ಹಳೆಯದು, ಅದು ನಿನ್ನ ಕೆಲಸವಲ್ಲ. ನಮ್ಮ ಮನೆಗಳಲ್ಲಿ ಉಣ್ಣುವವರ ಬಾಯಿ ನೋಡಿದರೆ ದೃಷ್ಟಿ ತಾಗುತ್ತದೆ ಎನ್ನುತ್ತಿದ್ದುದಕ್ಕೂ ಇದೇ ಅರ್ಥ ಇದ್ದೀತು.

ಮೂರೂ ಕೃತಿಗಳನ್ನು ಈ ಮಾತಿನಿಂದ ಅಳೆದರೆ ನನ್ನ ತೀರ್ಮಾನ ಹೀಗೆ. ಗೆಲ್ಬ್ ಅವರ ಚಿತ್ರ ಕಣ್ಣಿಗೆ ಹಬ್ಬ, ದುಡಿಮೆಯ ಪಾಠ, ಊಟದ ಚಿತ್ರವಲ್ಲ. ಅದನ್ನು ನೋಡಿ ಸುಶಿ ಅಂಗಡಿ ಆರಿಸುವುದು ಮದುವೆ ವಿಡಿಯೋ ನೋಡಿ ಸಂಸಾರ ತಿಳಿದಂತೆ. ಶಿಗಾ ಅವರ ಕತೆ ಕೊಡುವವರ ಕತೆ. ಯಾರನ್ನಾದರೂ ಊಟಕ್ಕೆ ಕರೆಯುವ ಮೊದಲು ಓದಬೇಕಾದ್ದು. ಅದರ ಮಿತಿ ಎಂದರೆ 'ಎ'ಯೂ ಹುಡುಗನೂ ಒಂದೇ ಮೇಜಿನಲ್ಲಿ ಕೂರುವ ದಾರಿ ಅದಕ್ಕೆ ಕಾಣಲಿಲ್ಲ. ಆ ಕಾಲಕ್ಕೆ ಕಾಣುವುದೂ ಸಾಧ್ಯವಿರಲಿಲ್ಲವೇನೋ. ಕಾನೊಕೊ ಅವರ ಕತೆ ಮೂರರಲ್ಲಿ ದೊಡ್ಡದು. ಎದುರಿಗೆ ಕೂತೂ ಹಿಂಸೆಯಾಗದಂತೆ ಉಣಿಸುವುದು ಹೇಗೆ ಎಂದು ಅದಕ್ಕೆ ಮಾತ್ರ ಗೊತ್ತು.

ಇನ್ನು ಆ ಹುಡುಗರ ಪ್ರಶ್ನೆ. ನನ್ನ ಉತ್ತರದಲ್ಲಿ ಈಗ ನಕ್ಷತ್ರ ಬರುವುದಿಲ್ಲ, ನಾಲ್ಕು ವಿಷಯ ಬರುತ್ತವೆ. ಒಟ್ಟು ದರವನ್ನು ಬುಕಿಂಗ್ ಮಾಡುವಾಗಲೇ ಖಚಿತ ಮಾಡಿಕೊಳ್ಳಿ, ಆಮೇಲೆ ಮೇಜಿನಲ್ಲಿ ಅದರ ಸುದ್ದಿ ಎತ್ತಬೇಡಿ. ಅನೇಕ ದುಬಾರಿ ಅಂಗಡಿಗಳಲ್ಲಿ ಮಧ್ಯಾಹ್ನದ ಊಟ ರಾತ್ರಿಯದಕ್ಕಿಂತ ಅಗ್ಗ, ಕೈಗಳು ಅವೇ. ಎರಡನೆಯದು, ಕೌಂಟರ್ ಎಂದರೆ ಅಡುಗೆಯವನ ಗತಿಗೆ ಹೊಂದಿಕೊಂಡು, ಇಟ್ಟ ಕೂಡಲೇ ತಿನ್ನುವ ಜಾಗ. ಗಂಡಹೆಂಡತಿ ತುಂಬ ದಿನದ ಮಾತು ಆಡಬೇಕಿದ್ದರೆ ಅದು ತಕ್ಕ ಜಾಗವಲ್ಲ, ಒಳಗೆ ಬೇರೆ ಕೋಣೆ ಇರುವ ಅಂಗಡಿ ನೋಡಿ. ಮಾತು ಬೇಡ, ಒಟ್ಟಿಗೆ ಸುಮ್ಮನೆ ಕೂತು ಒಂದು ಕೈಕೆಲಸ ನೋಡೋಣ ಎನ್ನುವವರಿಗೆ ಕೌಂಟರಿನಂಥದು ಇನ್ನೊಂದಿಲ್ಲ.

ಮೂರನೆಯದು ನಮ್ಮವರದೇ ಸಮಸ್ಯೆ. ಇಬ್ಬರಲ್ಲಿ ಒಬ್ಬರು ಮೀನು ತಿನ್ನದವರಾದರೆ ಅದನ್ನು ಬುಕಿಂಗಿಗೆ ಮೊದಲೇ ತಿಳಿಸಬೇಕು. ಸೌತೆಕಾಯಿ ಸುರುಳಿ, ಸೋರೆಯ ಒಣಪಟ್ಟಿ ಬೇಯಿಸಿ ಮಾಡುವ ಕಾಂಪ್ಯೊ ಸುರುಳಿ, ಸಿಹಿಯಾಗಿ ಬೇಯಿಸಿದ ತೋಫು ಚೀಲಕ್ಕೆ ಅನ್ನ ತುಂಬಿದ ಇನಾರಿ, ಇವೆಲ್ಲ ಹಳೆಯ ಮರ್ಯಾದಸ್ತ ಸುಶಿಗಳೇ. ಸೆಂಕಿಚಿ ನಂಬಿದ ದೇವರ ಹೆಸರೇ ಆ ಕೊನೆಯದಕ್ಕೆ ಇದೆ. ಇನಾರಿಯ ದೂತನಾದ ನರಿಗೆ ಕರಿದ ತೋಫು ಇಷ್ಟ ಎಂಬ ನಂಬಿಕೆ. ಆದರೆ ಸೋರೆಪಟ್ಟಿಯನ್ನೂ ತೋಫುವನ್ನೂ ಬೇಯಿಸುವುದು ಸಾಮಾನ್ಯವಾಗಿ ದಾಶಿ ಎಂಬ ಸಾರಿನಲ್ಲಿ. ಅದರಲ್ಲಿ ಒಣಮೀನಿನ ಹೆರಕಲು ಇರುತ್ತದೆ. ಕಟ್ಟುನಿಟ್ಟಾಗಿ ಸಸ್ಯಾಹಾರಿಗಳಾದವರು ಸುಶಿಯ ಹಟ ಬಿಟ್ಟು ಬೌದ್ಧ ದೇವಾಲಯಗಳ ಶೋಜಿನ್ ಊಟಕ್ಕೆ ಹೋದರೆ ಹೆಚ್ಚು ನೆಮ್ಮದಿ. ಕೌಂಟರಿನಲ್ಲಿ ಒಬ್ಬಳು ಮೀನು ತಿನ್ನದೆ ಎಲ್ಲರ ಕಣ್ಣಿಗೆ ಗುರಿಯಾಗಿ ಕೂರುವುದು ವಾರ್ಷಿಕೋತ್ಸವವಲ್ಲ.

ನಾಲ್ಕನೆಯದನ್ನು ಹೋಗಿಯೇ ತಿಳಿಯಬೇಕು. ಮೊದಲ ತುಂಡು ಬಂದಾಗ ನೀವು ಏನನ್ನು ನೋಡುತ್ತಿದ್ದೀರಿ ಎಂದು ಗಮನಿಸಿ. ಅಡುಗೆಯವರ ಮುಖ ನೋಡುತ್ತಿದ್ದರೆ, ಸರಿಯಾಗಿ ತಿಂದೆನೇ ಎಂಬ ಅಳುಕು ನಿಮ್ಮಲ್ಲಿದೆ. ಅವರ ಕೈಗಳನ್ನು ನೋಡುತ್ತಾ ನಿಮ್ಮನ್ನು ನೀವು ಮರೆತಿದ್ದರೆ, ಜಾಗ ಸರಿಯಾಗಿದೆ.